ರೋಮಿನ ಸಾರ್ವಜನಿಕ ಭೂಮಿ ಮತ್ತು ನಮ್ಮ ಉಳ್ಳಾರ್ತಿ ಕಾವಲು

(ಚಳ್ಳಕೆರೆಯಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ಪ್ರಾಚೀನ ರೋಮಿನ ಆಡಳಿತ ಮತ್ತು ಸಮಾಜ ಎಂದು ತಿಳಿದಾಗ ಕೆಲವು ಗೆಳೆಯರು ನಮ್ಮನ್ನು ಕೇಳಿದರು: ಚಳ್ಳಕೆರೆಗೂ ರೋಮಿಗೂ ಏನು ಸಂಬಂಧ? ಎಣ್ಣೆ ಗಿರಣಿಯ ಊರು ನಮ್ಮದು, ಕುರಿ ಕಂಬಳಿಯ ಊರು. ಎರಡು ಸಾವಿರ ವರ್ಷಗಳ ಹಿಂದೆ ಬಾಳಿ ಅಳಿದ ಸಾಮ್ರಾಜ್ಯದ ಗೊಡವೆ ನಮಗೇಕೆ?

ಪ್ರಶ್ನೆ ಸಹಜವೇ. ಆದರೆ ಪವಿತ್ರ ಕುರ್‌ಆನ್‌ನ 30ನೆಯ ಅಧ್ಯಾಯದ ಹೆಸರೇ 'ಅರ್‌ರೂಮ್' ಎಂಬುದನ್ನು ನಾವು ಮರೆಯಬಾರದು. ಮಕ್ಕಾದ ಬಡ ವಿಶ್ವಾಸಿಗಳು ದೂರದ ರೋಮನ್ನರ ಸೋಲು ಗೆಲುವುಗಳನ್ನು ಕಿವಿಗೊಟ್ಟು ಕೇಳುತ್ತಿದ್ದರು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವೇನಾಯಿತೆಂದು ನೋಡಬೇಕೆಂಬ ಕರೆಯೂ ಅದೇ ಅಧ್ಯಾಯದಲ್ಲಿದೆ. ಮದ್ರಸದಲ್ಲಿ ಆ ಅಧ್ಯಾಯವನ್ನು ಬಾಯಿಪಾಠ ಮಾಡಿದಾಗ ನಮಗೆ ರೋಮ್ ಎಂದರೆ ಒಂದು ಹೆಸರು ಮಾತ್ರವಾಗಿತ್ತು. ಮುಂದೆ ಕಾಲೇಜಿನಲ್ಲಿ ಇತಿಹಾಸ ಓದುವಾಗ ಆ ಹೆಸರಿನ ಹಿಂದಿನ ಕಥೆ ತಿಳಿಯಿತು. ಆ ಕಥೆಯ ನಡುವೆ ಒಂದು ಹುಲ್ಲುಗಾವಲು ಇದೆ ಎಂಬುದು ಮಾತ್ರ ಉಳ್ಳಾರ್ತಿ ಕಾವಲನ್ನು ಕಂಡ ಮೇಲಷ್ಟೇ ನಮಗೆ ಹೊಳೆಯಿತು.

ಮೊದಲು ರೋಮಿನ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇವೆ.

ರೋಮನ್ನರ ಪರಂಪರೆಯ ಪ್ರಕಾರ ಕ್ರಿ.ಪೂ. 509ರಲ್ಲಿ ಅವರು ತಮ್ಮ ಕೊನೆಯ ಅರಸನನ್ನು ಓಡಿಸಿದರು. ಅರಸನ ಬದಲು ವರ್ಷಕ್ಕೊಮ್ಮೆ ಇಬ್ಬರು ಕಾನ್ಸಲರನ್ನು ಚುನಾಯಿಸುವ ಪದ್ಧತಿ ಬಂತು. ಒಬ್ಬನ ನಿರ್ಧಾರವನ್ನು ಇನ್ನೊಬ್ಬನು ತಡೆಯಬಹುದಾಗಿತ್ತು. ಹಿರಿಯರ ಸಭೆಯಾದ ಸೆನೆಟ್ ಇತ್ತು, ಜನಸಭೆಗಳಿದ್ದವು. ಆದರೆ ಅಧಿಕಾರವೆಲ್ಲ ಕೆಲವೇ ಕುಲೀನ ಮನೆತನಗಳ ಕೈಯಲ್ಲಿತ್ತು. ಸಾಲದಲ್ಲಿ ಮುಳುಗಿದ ಸಾಮಾನ್ಯರು ಕ್ರಿ.ಪೂ. 494ರಲ್ಲಿ ನಗರವನ್ನೇ ತೊರೆದು ಗುಡ್ಡದ ಮೇಲೆ ಹೋಗಿ ಕುಳಿತರು. ಅದರ ಫಲವಾಗಿ ಸಾಮಾನ್ಯರ ಪರವಾಗಿ ನಿಲ್ಲುವ 'ಟ್ರಿಬ್ಯೂನ್' ಎಂಬ ಹುದ್ದೆ ಹುಟ್ಟಿತು. ಟ್ರಿಬ್ಯೂನನ ಮೇಲೆ ಕೈಮಾಡುವುದು ಮಹಾಪಾಪವೆಂದು ಇಡೀ ಜನತೆ ಆಣೆ ಮಾಡಿತು. ಕ್ರಿ.ಪೂ. 450ರ ಹೊತ್ತಿಗೆ ಕಾನೂನನ್ನು ಹನ್ನೆರಡು ಫಲಕಗಳಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇರಿಸಲಾಯಿತು. ಕ್ರಿ.ಪೂ. 287ರಲ್ಲಿ ಸಾಮಾನ್ಯರ ಸಭೆಯ ನಿರ್ಣಯವೇ ಇಡೀ ರಾಜ್ಯದ ಕಾನೂನೆಂದು ಒಪ್ಪಲಾಯಿತು. ಇದು ಇನ್ನೂರು ವರ್ಷಗಳ ಹೋರಾಟ. ಇದರಲ್ಲಿ ಕಲಿಯಬೇಕಾದುದು ಬಹಳಷ್ಟಿದೆ.

ಇನ್ನು ಹುಲ್ಲುಗಾವಲಿನ ಮಾತಿಗೆ ಬರೋಣ. ರೋಮ್ ತಾನು ಗೆದ್ದ ನಾಡುಗಳ ಭೂಮಿಯಲ್ಲಿ ಒಂದು ಭಾಗವನ್ನು ಸಾರ್ವಜನಿಕ ಭೂಮಿಯೆಂದು ಇರಿಸಿಕೊಳ್ಳುತ್ತಿತ್ತು. ಅದು ಯಾರೊಬ್ಬರ ಸ್ವಂತದ್ದೂ ಅಲ್ಲ, ರಾಜ್ಯದ ಸ್ವತ್ತು. ಅಲ್ಪ ತೆರಿಗೆ ಕೊಟ್ಟು ಉಳುವುದಕ್ಕೂ ದನ ಮೇಯಿಸುವುದಕ್ಕೂ ಅವಕಾಶವಿತ್ತು. ಬಲಾಢ್ಯರು ಅದನ್ನು ಮೆಲ್ಲಗೆ ಆಕ್ರಮಿಸತೊಡಗಿದಾಗ, ಒಬ್ಬನು 500 ಯೂಗೆರಾಕ್ಕಿಂತ, ಅಂದರೆ ಸುಮಾರು 300 ಎಕರೆಗಿಂತ ಹೆಚ್ಚು ಹೊಂದಬಾರದೆಂಬ ಮಿತಿಯನ್ನು ವಿಧಿಸಲಾಯಿತು. ಕಾನೂನು ಇತ್ತು, ಪಾಲಿಸುವವರು ಇರಲಿಲ್ಲ.

ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಮತ್ತು ಕೊರಿಂತ್ ನಗರಗಳು ನಾಶವಾದವು. ರೋಮಿಗೆ ಸಂಪತ್ತು ಹರಿದುಬಂತು, ಗುಲಾಮರು ಹಿಂಡು ಹಿಂಡಾಗಿ ಬಂದರು. ವರ್ಷಗಟ್ಟಲೆ ಯುದ್ಧದಲ್ಲಿದ್ದು ಮನೆಗೆ ಮರಳಿದ ರೈತ ಯೋಧರಲ್ಲಿ ಅನೇಕರ ಹೊಲ ಪಾಳುಬಿದ್ದಿತ್ತು, ಇಲ್ಲವೇ ಪಕ್ಕದ ಸಿರಿವಂತನ ಪಾಲಾಗಿತ್ತು. ಆಗ ಟ್ರಿಬ್ಯೂನ್ ಆದ ಟೈಬೀರಿಯಸ್ ಗ್ರಾಕಸ್ ಕ್ರಿ.ಪೂ. 133ರಲ್ಲಿ ಹೊಸದೇನನ್ನೂ ಕೇಳಲಿಲ್ಲ. ಹಳೆಯ ಮಿತಿಯನ್ನೇ ಜಾರಿಗೆ ತನ್ನಿ, ಹೆಚ್ಚುವರಿ ಭೂಮಿಯನ್ನು ಭೂಹೀನರಿಗೆ ಹಂಚಿರಿ ಎಂದನು. ಭೂಮಿಯನ್ನು ಹಿಡಿದುಕೊಂಡಿದ್ದವರಲ್ಲಿ ಅನೇಕರು ಸೆನೆಟಿನ ಸದಸ್ಯರೇ ಆಗಿದ್ದರು. ಅವನೂ ಆತುರಪಟ್ಟನು. ತನ್ನ ಮಸೂದೆಯನ್ನು ತಡೆದ ಇನ್ನೊಬ್ಬ ಟ್ರಿಬ್ಯೂನನನ್ನು ಹುದ್ದೆಯಿಂದಲೇ ಕೆಳಗಿಳಿಸಿದನು. ಕೊನೆಗೆ ಸೆನೆಟಿನ ಸದಸ್ಯರೇ ಮುಂದಾಗಿ ಅವನನ್ನೂ ಅವನ ಸುಮಾರು 300 ಬೆಂಬಲಿಗರನ್ನೂ ಹೊಡೆದು ಕೊಂದರು. ಯಾರ ಮೇಲೆ ಕೈಮಾಡುವುದಿಲ್ಲವೆಂದು ಆಣೆ ಮಾಡಲಾಗಿತ್ತೋ ಅವನ ಹೆಣ ಟೈಬರ್ ನದಿಯಲ್ಲಿ ತೇಲಿತು. ತಮ್ಮನಾದ ಗಾಯಸ್ ಕೂಡ ಕ್ರಿ.ಪೂ. 121ರಲ್ಲಿ ಇದೇ ರೀತಿಯ ಗಲಭೆಯಲ್ಲಿ ಸತ್ತನು. ಹತ್ತು ವರ್ಷಗಳ ಬಳಿಕ, ಕ್ರಿ.ಪೂ. 111ರಲ್ಲಿ ಬಂದ ಕಾಯ್ದೆಯು ಇಟಲಿಯ ಸಾರ್ವಜನಿಕ ಭೂಮಿಯ ಬಹುಭಾಗವನ್ನು ಹಿಡಿದವರ ಖಾಸಗಿ ಸ್ವತ್ತಾಗಿ ಮಾಡಿಬಿಟ್ಟಿತು. ಆಕ್ರಮಣ ಕಾನೂನಾಯಿತು.

ಮುಂದಿನದು ನಿಮಗೆ ತಿಳಿದ ಕಥೆ. ಭೂಮಿಯಿಲ್ಲದವರನ್ನು ಸೇನಾಪತಿ ಮಾರಿಯಸ್ ತನ್ನ ಪಡೆಗೆ ಸೇರಿಸಿಕೊಂಡನು. ಅವರ ಪಾಲಿಗೆ ಇನ್ನು ಮುಂದೆ ಅನ್ನದಾತನು ಸೇನಾಪತಿಯೇ ಹೊರತು ಗಣರಾಜ್ಯವಲ್ಲ. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸ್ವಂತ ನಗರದ ಮೇಲೆಯೇ ದಂಡೆತ್ತಿ ಬಂದನು. 49ರಲ್ಲಿ ಸೀಸರ್ ರೂಬಿಕಾನ್ ನದಿಯನ್ನು ದಾಟಿದನು. ಕ್ರಿ.ಪೂ. 27ರಲ್ಲಿ ಆಕ್ಟೇವಿಯನ್ 'ಅಗಸ್ಟಸ್' ಎಂಬ ಬಿರುದು ಪಡೆದನು. ಅವನು ಸೆನೆಟನ್ನು ಮುಚ್ಚಲಿಲ್ಲ, ಕಾನ್ಸಲರ ಹುದ್ದೆಯನ್ನು ರದ್ದುಪಡಿಸಲಿಲ್ಲ. ತನ್ನನ್ನು ಅರಸನೆಂದು ಕರೆದುಕೊಳ್ಳಲೂ ಇಲ್ಲ. ಗಣರಾಜ್ಯವನ್ನು ಮರಳಿ ಸ್ಥಾಪಿಸಿದೆನೆಂದೇ ಹೇಳಿಕೊಂಡನು. ಎಲ್ಲ ಹೆಸರುಗಳೂ ಉಳಿದವು, ಅಧಿಕಾರ ಮಾತ್ರ ಒಬ್ಬನದಾಯಿತು. ಹೊಲ ಕಳೆದುಕೊಂಡು ನಗರ ಸೇರಿದ ಸುಮಾರು ಎರಡು ಲಕ್ಷ ಮಂದಿಗೆ ಉಚಿತ ಗೋಧಿ ದೊರೆಯುತ್ತಿತ್ತು. ಹಸಿದವನಿಗೆ ಅನ್ನ ಕೊಡುವುದು ಪುಣ್ಯವೇ. ಆದರೆ ಗೋಧಿ ಪಡೆಯುವವನು ಹೊಲದ ಮಾತೆತ್ತುವುದನ್ನು ಬಿಟ್ಟನು ಎಂಬುದನ್ನೂ ಗಮನಿಸಬೇಕು. ಕ್ರಿ.ಶ. 212ರಲ್ಲಿ ಚಕ್ರವರ್ತಿ ಕಾರಕಲ್ಲ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವ ನೀಡಿದನು. ಆಗ ಆ ಪೌರತ್ವದಲ್ಲಿ ಮತ ಹಾಕುವ ಹಕ್ಕೇ ಉಳಿದಿರಲಿಲ್ಲ. 332ರಲ್ಲಿ ಕಾನ್‌ಸ್ಟಂಟೈನನ ಕಾನೂನು ಗೇಣಿ ರೈತನನ್ನು ಅವನು ಉಳುವ ಭೂಮಿಗೇ ಕಟ್ಟಿಹಾಕಿತು. ಒಡೆಯನಾಗಿದ್ದವನ ಸಂತತಿ ಭೂಮಿಯ ಜೀತಕ್ಕೆ ಬಂತು. 476ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿ ಪದಚ್ಯುತನಾದಾಗ ಅವನನ್ನು ಉಳಿಸಿಕೊಳ್ಳಲು ಜನರು ಬೀದಿಗಿಳಿಯಲಿಲ್ಲ.

ಸಹೋದರರೇ, ರೋಮ್ ಪತನವಾದುದಕ್ಕೆ ಕಾರಣಗಳು ಅನೇಕ. ಒಂದೇ ಕಾರಣವೆಂದು ಹೇಳಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯವಾಗುತ್ತದೆ. ಆದರೆ ಆ ಗಣರಾಜ್ಯದಲ್ಲಿ ಮೊದಲ ರಕ್ತ ಹರಿದದ್ದು ಎಲ್ಲರಿಗೂ ಸೇರಿದ ಭೂಮಿಯ ಪ್ರಶ್ನೆಯಲ್ಲಿ ಎಂಬುದು ನಿಜ.

ಈಗ ಉಳ್ಳಾರ್ತಿಗೆ ಬರೋಣ. ಈ ಕಾವಲುಗಳ ಇತಿಹಾಸ ನಮ್ಮ ಮನೆಯ ಹಿರಿಯರಿಗೆ ಗೊತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆ ಇತ್ತು. ಹೈದರ್ ಅಲಿ ಅದನ್ನು ವಿಸ್ತರಿಸಿ, ಆ ಎತ್ತುಗಳಿಗೆ ಫಿರಂಗಿ ಎಳೆಯುವ ಕೆಲಸ ಕೊಟ್ಟರು. ಟಿಪ್ಪು ಸುಲ್ತಾನರು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು ನಿಯಮಾವಳಿ ರೂಪಿಸಿದರು. ಮಳೆ, ಚಳಿ, ಬೇಸಿಗೆಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ದನಗಳೂ ಬ್ರಿಟಿಷರ ಪಾಲಾದವು. 1860ರಲ್ಲಿ ಅವರು ಉಳಿತಾಯದ ನೆಪದಲ್ಲಿ ಹಿಂಡನ್ನು ಮಾರಿದರು, ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಅದು ಮೈಸೂರು ಸರಕಾರಕ್ಕೆ ಮರಳಿತು. ಟಿಪ್ಪುವಿನ ಹೆಸರು ಬಂದಾಗ ನಮ್ಮ ಎದೆ ಉಬ್ಬುವುದು ಸಹಜ. ಆದರೆ ಅರಸರ ಕಾಲದಲ್ಲೂ ಕಾವಲು ಅರಸರದೇ ಆಗಿತ್ತು, ಮೇಯಿಸುವವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಕೇಳುವ ಕರ್ತವ್ಯವಿರುವುದು ಗಣರಾಜ್ಯಕ್ಕೆ.

ಆ ಗಣರಾಜ್ಯ ಕೇಳಿತೇ? 2010ರ ಸುಮಾರಿಗೆ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಒಟ್ಟು ಸುಮಾರು 10,000 ಎಕರೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಹೆಚ್ಚು, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800 ಎಕರೆಗೂ ಹೆಚ್ಚು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಇಸ್ರೋ ಸಂಸ್ಥೆಗೂ ಖಾಸಗಿ ಸೌರ ವಿದ್ಯುತ್ ಕಂಪೆನಿಯೊಂದಕ್ಕೂ ಪಾಲು ದೊರೆಯಿತು. ಕುರಿಗಾಹಿಗಳಲ್ಲಿ ಅನೇಕರಿಗೆ ಇದು ತಿಳಿದದ್ದು ಗೋಡೆ ಏಳತೊಡಗಿದಾಗ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಹುಲ್ಲೇ ಬಡವನ ಬ್ಯಾಂಕು. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ನೂಲುವ ಹೆಂಗಸರ ಕೂಲಿ. ಮ್ಯಾಸಬೇಡರ ದೇವರ ಎತ್ತುಗಳಿಗೂ ಇದೇ ಸೀಮೆಯ ಹುಲ್ಲೇ ಆಧಾರ. ಸಂತೆಯಲ್ಲಿ ಕುರಿ ಕೊಳ್ಳುವ ನಮ್ಮ ವ್ಯಾಪಾರಿಗಳ ಅನ್ನವೂ ಅಲ್ಲಿಂದಲೇ ಬರುತ್ತದೆ.

ಜನರು ಸುಮ್ಮನಿರಲಿಲ್ಲ. ಪ್ರಕರಣವು ಚೆನ್ನೈಯ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಹೋಯಿತು. 2013ರಲ್ಲಿ ಪೀಠವು ಸತ್ಯಶೋಧನಾ ಸಮಿತಿಯನ್ನು ನೇಮಿಸಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರಲ್ಲಿ ವರವು ಕಾವಲಿನ ಕಡೆಯ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನದ ಮಾದರಿ ಅಲ್ಲಿಯೇ ತಾನಾಗಿ ಇಳಿದು ದೇಶಕ್ಕೆ ಕೀರ್ತಿ ತಂದಿತು. ನಾವು ವಿಜ್ಞಾನದ ವಿರೋಧಿಗಳಲ್ಲ. ನಮ್ಮ ಮಕ್ಕಳು ಅಲ್ಲಿ ವಿಜ್ಞಾನಿಗಳಾಗಲಿ ಎಂದು ಹಾರೈಸುವವರು. ಆದರೆ ದೇಶಕ್ಕೆ ಬೇಕಾದ ಭೂಮಿಯನ್ನು ದೇಶದ ಪ್ರಜೆಯಿಂದ ಕೇಳಿ ಪಡೆಯುವುದಕ್ಕೂ ಕೇಳದೆ ಪಡೆಯುವುದಕ್ಕೂ ಇರುವ ಅಂತರವೇ ಗಣರಾಜ್ಯಕ್ಕೂ ಅರಸೊತ್ತಿಗೆಗೂ ಇರುವ ಅಂತರ. 2006ರ ಅರಣ್ಯ ಹಕ್ಕು ಕಾಯ್ದೆಯು ಮೇವಿನ ಮೇಲೆ ಸಮುದಾಯದ ಹಕ್ಕನ್ನು ಗುರುತಿಸಿದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮಗಳ ಸಾಮುದಾಯಿಕ ಭೂಮಿಯ ಅತಿಕ್ರಮಣವನ್ನು ತೆರವುಗೊಳಿಸಲು ರಾಜ್ಯಗಳಿಗೆ ಆದೇಶಿಸಿದೆ. ರೋಮಿನಲ್ಲಿದ್ದಂತೆ ಇಲ್ಲಿಯೂ ಕಾನೂನು ಇದೆ.

ಇಸ್ಲಾಮ್ ಈ ಬಗ್ಗೆ ಏನೆನ್ನುತ್ತದೆ? ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ರಾಜ್ಯದ ಕುದುರೆಗಳಿಗಾಗಿ ಮದೀನದ ಬಳಿಯ ನಕೀಅ್ ಎಂಬ ಹುಲ್ಲುಗಾವಲನ್ನು 'ಹಿಮಾ' ಎಂದು ಕಾಯ್ದಿರಿಸಿದರು. ಇದನ್ನು ಅರಬರ ಕಾವಲು ಎನ್ನಬಹುದು. ಖಲೀಫಾ ಉಮರ್(ರ) ರಬದಾದಲ್ಲಿಯೂ ಹಿಮಾ ಮಾಡಿದರು. ಅದರ ಕಾವಲುಗಾರನಿಗೆ ಅವರು ಕೊಟ್ಟ ಸೂಚನೆಯನ್ನು ಬುಖಾರಿ ವರದಿ ಮಾಡಿದ್ದಾರೆ. ಕೆಲವೇ ಒಂಟೆ, ಕೆಲವೇ ಕುರಿಗಳಿರುವವನನ್ನು ಒಳಗೆ ಬಿಡಬೇಕು, ಇಬ್ನು ಔಫ್ ಮತ್ತು ಇಬ್ನು ಅಫ್ಫಾನರಂಥ ಶ್ರೀಮಂತರ ಹಿಂಡುಗಳ ಬಗ್ಗೆ ಎಚ್ಚರವಿರಬೇಕು ಎಂಬುದು ಅದರ ತಾತ್ಪರ್ಯ. ಶ್ರೀಮಂತನ ಹಿಂಡು ಸತ್ತರೆ ಅವನಿಗೆ ತೋಟವಿದೆ, ಹೊಲವಿದೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫಾರ ಬಾಗಿಲಿಗೇ ಬರುತ್ತಾನೆ. ಹಾಗೆಯೇ ಇರಾಕಿನ ಫಲವತ್ತಾದ ಭೂಮಿ ಕೈಸೇರಿದಾಗ ಅದನ್ನು ಹಂಚಬೇಕೆಂದು ಯೋಧರು ಪಟ್ಟು ಹಿಡಿದರು. ಉಮರ್(ರ) ದಿನಗಟ್ಟಲೆ ಸಮಾಲೋಚನೆ ನಡೆಸಿ, ಮುಂದೆ ಹುಟ್ಟಲಿರುವವರ ಪಾಲನ್ನು ನೆನಪಿಸಿ, ಹಂಚದೆ ಉಳಿಸಿದರು. ಮುಂದೆ ನಮ್ಮಲ್ಲಿಯೂ ಖಿಲಾಫತ್ ಅರಸೊತ್ತಿಗೆಯಾಯಿತು. ಅಲ್ಲಿಯೂ ಹೆಸರು ಉಳಿದು ಸಮಾಲೋಚನೆ ಅಳಿಯಿತು. ರೋಮನ್ನು ಟೀಕಿಸುವವರು ತಮ್ಮ ಮನೆಯ ಇತಿಹಾಸವನ್ನೂ ಓದಬೇಕು.

ಮನೆಯ ಮಾತು ಬಂದುದರಿಂದ ಕಹಿಯಾದ ಒಂದು ಮಾತನ್ನು ಹೇಳಲೇಬೇಕು. ನಮ್ಮ ಬಳಿಯೂ ಒಂದು ಕಾವಲಿದೆ, ಅದರ ಹೆಸರು ವಕ್ಫ್. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು 4.9 ಲಕ್ಷ. ಅವುಗಳ ವಾರ್ಷಿಕ ಆದಾಯ ಕೇವಲ 163 ಕೋಟಿ ರೂಪಾಯಿ. ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದೆಂದು ಸಮಿತಿ ಅಂದಾಜಿಸಿತು. ಆ ವ್ಯತ್ಯಾಸ ಎಲ್ಲಿ ಹೋಯಿತು? ಸರಕಾರಗಳು ಆಕ್ರಮಿಸಿರುವುದು ನಿಜ. ಆದರೆ ತಾತನ ಕಾಲದ ಬಾಡಿಗೆಗೆ ವಕ್ಫ್ ಅಂಗಡಿ ಹಿಡಿದು, ಅದನ್ನೇ ಇನ್ನೊಬ್ಬರಿಗೆ ಹತ್ತು ಪಟ್ಟಿಗೆ ಕೊಟ್ಟು, ಮೊದಲ ಸಾಲಿನಲ್ಲಿ ನಮಾಝ್ ಮಾಡುವವರು ನಮ್ಮ ಊರುಗಳಲ್ಲಿ ಇಲ್ಲವೇ? ಆ ಬಾಡಿಗೆಯಿಂದ ಓದಬೇಕಾಗಿದ್ದ ಅನಾಥ ಬಾಲಕಿ ಗಾರ್ಮೆಂಟ್ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದಾಳೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು ದೀರ್ಘಕಾಲದ ಬಳಕೆಯಿಂದ ವಕ್ಫ್ ಎನಿಸುವ ತತ್ವವನ್ನು ಮುಂದಿನ ದಿನಗಳಿಗೆ ಕೈಬಿಟ್ಟಾಗ ನಾವು ನೊಂದೆವು, ಪ್ರತಿಭಟಿಸಿದೆವು. ನ್ಯಾಯವೇ. ಆದರೆ ಕಾಗದವಿಲ್ಲದೆ, ಬಳಕೆಯೊಂದರಿಂದಲೇ ತಲೆಮಾರುಗಳ ಹಕ್ಕು ಹೊಂದಿದ್ದ ಉಳ್ಳಾರ್ತಿಯ ಕುರಿಗಾಹಿಯ ಮುಂದೆ ಗೋಡೆ ಎದ್ದ ದಿನ ನಮ್ಮಲ್ಲಿ ಎಷ್ಟು ಮಂದಿ ಅವನ ಪಕ್ಕದಲ್ಲಿ ನಿಂತಿದ್ದೆವು? ಅವನ ನೋವು ನಮ್ಮದಾಗದಿದ್ದರೆ ನಮ್ಮ ನೋವು ಅವನದಾಗುವುದು ಹೇಗೆ?

ಆದ್ದರಿಂದ ನಮ್ಮ ಕೋರಿಕೆ ಸರಳವಾಗಿದೆ. ಪ್ರತಿ ಜಮಾಅತ್ ತನ್ನ ವಕ್ಫ್ ಆಸ್ತಿಯ ಪಟ್ಟಿ, ಬಾಡಿಗೆದಾರರ ಹೆಸರು ಮತ್ತು ಬಾಡಿಗೆಯ ಮೊತ್ತವನ್ನು ವರ್ಷಕ್ಕೊಮ್ಮೆ ಮಸೀದಿಯ ಫಲಕದಲ್ಲಿ ಬರೆಯಲಿ. ರೋಮಿನ ಸಾಮಾನ್ಯರು ಹನ್ನೆರಡು ಫಲಕಗಳಿಗಾಗಿ ಹೋರಾಡಿದರು, ನಮಗೆ ಒಂದು ಫಲಕ ಸಾಕು. ಲೆಕ್ಕ ಕೇಳುವ ಸಭೆಯಲ್ಲಿ ಹೆಂಗಸರಿಗೂ ಜಾಗವಿರಲಿ. ಗ್ರಾಮಸಭೆ, ವಾರ್ಡ್ ಸಭೆಗಳಿಗೆ ಕೆರೆ, ಗೋಮಾಳ, ಸ್ಮಶಾನಗಳ ಪ್ರಶ್ನೆ ಬಂದಾಗ, ಅದು ನಮ್ಮ ಕೇರಿಯದಲ್ಲದಿದ್ದರೂ ನಾವು ಹೋಗಿ ಕುಳಿತುಕೊಳ್ಳೋಣ.

ಈ ಸಭೆ ಮುಗಿದ ಬಳಿಕ ನಿಮ್ಮಲ್ಲಿ ಕೆಲವರು ಆ ಅಂಗಡಿಗಳ ಬಾಗಿಲು ತೆರೆಯಲು ಹೋಗುವಿರಿ ಎಂಬುದು ನಮಗೆ ಗೊತ್ತು. ಬೀಗಕ್ಕೆ ಕೀಲಿ ಹಾಕುವ ಮುನ್ನ ಒಂದು ಕ್ಷಣ ಈ ಬಾಡಿಗೆ ಯಾರದೆಂದು ಕೇಳಿಕೊಳ್ಳಿರಿ. ನಾಳೆ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸುವಾಗ ನಮ್ಮ ಮುಖ ಬಾಡದಿರುವಂತೆ ಅವನು ಅನುಗ್ರಹಿಸಲಿ. ಆಮೀನ್.