ಗುಡ್ಡದ ಮೇಲಿನ ಫ್ಯಾನು

ಮಕ್ಕಳೇ, ಸಿರಿಗೆರೆಯಿಂದ ಚಿತ್ರದುರ್ಗದ ಕಡೆ ಬಸ್ಸು ಹತ್ತಿದರೆ ದೂರದ ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ನಿಂತ ಬಿಳಿ ಕಂಬಗಳು ಕಾಣುತ್ತವೆ. ಒಂದೊಂದಕ್ಕೂ ಮೂರು ಉದ್ದನೆಯ ರೆಕ್ಕೆ. ಪಾಠದ ಪುಸ್ತಕದಲ್ಲಿ ಅದು ಪವನ ವಿದ್ಯುತ್ ಯಂತ್ರ. ನಮ್ಮ ಸೀಮೆಯ ಜನರ ಬಾಯಲ್ಲಿ ಬರೀ ಫ್ಯಾನು. ಮಳೆ ತಡವಾದ ವರ್ಷ ಒಂದು ಮಾತು ಹಬ್ಬುತ್ತದೆ: “ಆ ಫ್ಯಾನುಗಳೇ ಮೋಡನೆಲ್ಲ ಓಡಿಸಿಬಿಡ್ತಾವೆ ಕಣಪ್ಪ.”

ಹಾಗನ್ನಿಸುವುದು ಸಹಜವೇ. ಮನೆಯ ಫ್ಯಾನು ಗಾಳಿ ಬೀಸುತ್ತದೆ, ಅಷ್ಟು ದೊಡ್ಡದು ಇನ್ನೆಷ್ಟು ಬೀಸಬೇಡ! ಆದರೆ ಹೆಸರು ಒಂದೇ ಆದರೂ ಕೆಲಸ ತಿರುಗುಮುರುಗು. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ. ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ. ಗಾಳಿ ರೆಕ್ಕೆಯನ್ನು ತಳ್ಳುತ್ತದೆ, ರೆಕ್ಕೆ ಒಳಗಿನ ಜನರೇಟರನ್ನು ತಿರುಗಿಸುತ್ತದೆ, ತಳ್ಳಿ ಮುಂದೆ ಹೋದ ಗಾಳಿಯ ವೇಗ ತಗ್ಗುತ್ತದೆ. ಮೋಡವನ್ನು ಊದುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಮಳೆ ಕಡಿಮೆಯಾಗಲು ಮುಖ್ಯ ಕಾರಣ ಪಶ್ಚಿಮ ಘಟ್ಟ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ, ಹೊತ್ತು ತಂದ ನೀರಿನ ಬಹುಪಾಲನ್ನು ಆಗುಂಬೆಯಂಥ ಕಡೆ ಸುರಿಸಿಬಿಡುತ್ತದೆ. ಈಚೆ ಇಳಿಯುವಷ್ಟರಲ್ಲಿ ಒಣಗಿರುತ್ತದೆ. ಚಿತ್ರದುರ್ಗ ಜಿಲ್ಲೆಗೆ ವರ್ಷಕ್ಕೆ ಸಿಗುವುದು ಸುಮಾರು 600 ಮಿ.ಮೀ. ಮಳೆ. ಈ ಕಂಬಗಳನ್ನು ನೆಡುವ ಎಷ್ಟೋ ಕಾಲ ಮೊದಲಿನಿಂದಲೂ ಇದು ಬರದ ಸೀಮೆಯೇ.

ಆ ಒಣ ಗಾಳಿಗೂ ಬೆಲೆಯಿದೆ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎರಡರಷ್ಟಲ್ಲ, 2×2×2, ಅಂದರೆ 8ರಷ್ಟು! ಗಾಳಿ ಜೋರಾಗಿ ಬೀಸುವ ಗುಡ್ಡದ ನೆತ್ತಿಯನ್ನೇ ಹುಡುಕಿ ಫ್ಯಾನು ನಿಲ್ಲಿಸುವುದು ಇದಕ್ಕೇ.

ಅಂದ ಹಾಗೆ, ಇಂಗ್ಲಿಷಿನ ಫ್ಯಾನ್ ಎಂಬ ಪದಕ್ಕೆ ಮೊದಲಿದ್ದ ಅರ್ಥ ಮನೆಯ ಫ್ಯಾನೂ ಅಲ್ಲ, ಗುಡ್ಡದ ಫ್ಯಾನೂ ಅಲ್ಲ. ಕಾಳು ತೂರುವ ಸಾಧನ ಅದು, ನಮ್ಮ ಮೊರದ ಬಳಗದ್ದು. ನನಗೆ ಬಹಳ ಇಷ್ಟವಾದ ಸಂಗತಿ ಇದು. ಏಕೆಂದರೆ ಆಷಾಢದಲ್ಲಿ ಭರ್ರೆಂದು ಬೀಸಿದ ಗಾಳಿ ರಾಗಿ ಕಣದ ಹೊತ್ತಿಗೆ ಎಷ್ಟೋ ಸಲ ಸುಮ್ಮನಾಗಿರುತ್ತದೆ. ಆಗ ರೈತರು ಕಣಕ್ಕೆ ಕರೆಂಟಿನ ಫ್ಯಾನನ್ನೇ ತಂದಿಟ್ಟು ತೂರುತ್ತಾರೆ. ಫ್ಯಾನು ತನ್ನ ಹಳೆಯ ಕೆಲಸಕ್ಕೇ ಮರಳಿದಂತೆ! ಹತ್ತಿರ ನಿಂತು ನೋಡಿ: ರಾಗಿ ನೇರ ಕೆಳಗೆ ಬೀಳುತ್ತದೆ, ಹೊಟ್ಟು ಮಾರು ದೂರ ಹಾರುತ್ತದೆ. ಕಾಳಿಗೆ ಗಾತ್ರಕ್ಕೆ ತಕ್ಕ ತೂಕವಿದೆ. ಹೊಟ್ಟು ಹಗುರ, ಅಗಲ. ಗಾಳಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಸಿನಿಮಾ ನಟರ ಫ್ಯಾನ್ ಮಾತ್ರ ಈ ಮೊರದ ಬಳಗದ್ದಲ್ಲ. ಹುಚ್ಚು ಅಭಿಮಾನಿ ಎಂಬರ್ಥದ ‘ಫೆನಾಟಿಕ್’ ಪದದ ಬಾಲ ಕತ್ತರಿಸಿದ್ದು ಅದು.

ಇನ್ನು ತಲೆಯ ಮೇಲೆ ತಿರುಗುವ ಫ್ಯಾನು ಕೋಣೆಯನ್ನು ತಂಪು ಮಾಡುತ್ತದೆಯೇ? ಶಾಲೆಯ ಲ್ಯಾಬಿನ ಥರ್ಮಾಮೀಟರನ್ನು (ಜ್ವರ ನೋಡುವುದು ಬೇಡ) ಅದರ ಕೆಳಗೆ ಹಿಡಿದು ನೋಡಿ. ಉಷ್ಣತೆ ಇಳಿಯುವುದಿಲ್ಲ. ಈಗ ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆಯ ಚೂರು ಸುತ್ತಿ ಮತ್ತೆ ಹಿಡಿಯಿರಿ. ಸರಸರ ಇಳಿಯುತ್ತದೆ. ನೀರು ಆವಿಯಾಗುವಾಗ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಆಟವಾಡಿ ಬೆವೆತು ಬಂದಾಗ ಫ್ಯಾನಿನ ಕೆಳಗೆ ನಿಮಗೆ ಹಾಯೆನಿಸುವುದೂ ಇದರಿಂದಲೇ.