ಏಪ್ರಿಲ್‌ನಲ್ಲಿ ಬಂದ ಕ್ರಿಸ್‌ಮಸ್



ಸ್ವಂತ ಮನೆ ಇದ್ದವರಿಗೆ ಏನು ಚಿಂತೆ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಆದರೆ ಮನೆಗೂ ವಯಸ್ಸಾಗುತ್ತದೆ, ಮನೆಯೊಡತಿಗೂ ವಯಸ್ಸಾಗುತ್ತದೆ. ಚಾವಣಿ ಸೋರುತ್ತದೆ, ಮೆಟ್ಟಿಲು ಅಲುಗಾಡುತ್ತದೆ. ರಿಪೇರಿಗೆ ಕೈಯಲ್ಲಿ ಕಾಸಿರುವುದಿಲ್ಲ. ಕಾಗದಪತ್ರದಲ್ಲಿ ಮಾತ್ರ ಆಕೆ ಆಸ್ತಿವಂತೆ. ಇಂಥವರಿಗಾಗಿ ಅಮೆರಿಕದಲ್ಲಿ ಹುಟ್ಟಿದ ಒಂದು ಕೆಲಸದ ಕುರಿತು ಈ ದಿನ ಮಾತನಾಡುತ್ತೇನೆ.

ಟೆಕ್ಸಾಸ್ ರಾಜ್ಯದ ಮಿಡ್‌ಲ್ಯಾಂಡ್ ಪೆಟ್ರೋಲಿಯಂ ಉದ್ಯಮದಿಂದ ಬೆಳೆದ ಊರು. 1973ರಲ್ಲಿ ಅಲ್ಲಿನ ಬಾಬಿ ಟ್ರಿಂಬಲ್ ಮತ್ತು ಅವರ ಚರ್ಚಿನ ಗೆಳೆಯರು ನೆರೆಹೊರೆಯ ಬಡವರ ಮನೆಗಳನ್ನು ಕೂಲಿಯಿಲ್ಲದೆ ದುರಸ್ತಿ ಮಾಡಲು ಹೊರಟರು. ಅದು ಏಪ್ರಿಲ್ ತಿಂಗಳು. ಉಪಕಾರ ಪಡೆದವರೊಬ್ಬರು, ಇದು ಏಪ್ರಿಲ್‌ನಲ್ಲೇ ಕ್ರಿಸ್‌ಮಸ್ ಬಂದ ಹಾಗಾಯಿತು ಎಂದರಂತೆ. ಆ ಮಾತೇ ಹೆಸರಾಯಿತು. 1988ರಲ್ಲಿ ಅದೇ ಹೆಸರಿನಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ರೂಪುಗೊಂಡಿತು. ಈಗ ಅದರ ಹೆಸರು ‘ರೀಬಿಲ್ಡಿಂಗ್ ಟುಗೆದರ್’.

ಇವರು ಮಾಡುವ ಕೆಲಸ ನೋಡಿದರೆ ಇಷ್ಟೇನಾ ಎನಿಸಬಹುದು. ಮೆಟ್ಟಿಲಿಗೆ ಕೈಹಿಡಿ, ಗಾಲಿಕುರ್ಚಿಗೆ ಇಳಿಜಾರು ದಾರಿ, ಕತ್ತಲ ಮೂಲೆಗೊಂದು ದೀಪ. ಆ ದೇಶದ ಅನೇಕ ಮನೆಗಳಲ್ಲಿ ಸ್ನಾನವೆಂದರೆ ತೊಟ್ಟಿಯೊಳಗೆ ಇಳಿಯಬೇಕು. ಮಂಡಿಯೆತ್ತರದ ಅಂಚನ್ನು ಒದ್ದೆಗಾಲಿನಲ್ಲಿ ದಾಟಬೇಕು. ಅಲ್ಲಿ 65 ದಾಟಿದವರಲ್ಲಿ ನಾಲ್ವರಿಗೆ ಒಬ್ಬರಂತೆ ಪ್ರತಿವರ್ಷ ಎಲ್ಲಾದರೂ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಎಷ್ಟೋ ಮಂದಿ ಮತ್ತೆ ತಮ್ಮ ಮನೆಗೆ ಮರಳುವುದೇ ಇಲ್ಲ, ಶುಶ್ರೂಷಾಲಯವೇ ಗತಿ. ಸ್ನಾನದ ತೊಟ್ಟಿಯ ಪಕ್ಕ ಗೋಡೆಗೆ ಹಾಕುವ ಒಂದು ಹಿಡಿಕೆಯ ಬೆಲೆ ಆಗ ತಿಳಿಯುತ್ತದೆ.

ಒಳ್ಳೆಯ ಮನಸ್ಸಿದ್ದರೆ ಸಾಲದು ಎಂಬುದನ್ನೂ ಹೇಳಬೇಕು. ಅಲ್ಲಿನ ಗೋಡೆ ನಮ್ಮ ಇಟ್ಟಿಗೆಯ ಗೋಡೆಯಲ್ಲ. ಮರದ ಕಂಬಗಳಿಗೆ ಬಡಿದ ಜಿಪ್ಸಂ ಹಲಗೆ. ಹಿಡಿಕೆಯ ತಿರುಪು ಒಳಗಿನ ಕಂಬಕ್ಕೆ ಕೂರದೆ ಬರೀ ಹಲಗೆಗೆ ಕೂತರೆ, ಅಜ್ಜಿ ಭಾರ ಹಾಕಿದ ದಿನ ಕಿತ್ತು ಬರುತ್ತದೆ. ಹಿಡಿಕೆ ಇಲ್ಲದಿರುವುದಕ್ಕಿಂತ ಇದು ಅಪಾಯ. ಆದ್ದರಿಂದ ಬಣ್ಣ ಬಳಿಯಲು ಯಾರಾದರೂ ಆಗಬಹುದು, ವಿದ್ಯುತ್ ಮತ್ತು ನಲ್ಲಿ ಕೆಲಸಕ್ಕೆ ಬಲ್ಲವರೇ ಬೇಕು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿಯಲ್ಲಿ ಇಂದು ನೀವು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿಮ್ಮ ಗದ್ದೆಗೆ ಬರುತ್ತೇನೆ; ಯಾರೂ ಯಾರ ಹಂಗಿಗೂ ಬೀಳುವುದಿಲ್ಲ. ಎಂಬತ್ತರ ಅಜ್ಜಿ ಹೇಗೆ ಮುಯ್ಯಿ ತೀರಿಸಿಯಾರು? ಬಂದವರು ತಮ್ಮಿಷ್ಟದಂತೆ ಎಲ್ಲ ಬದಲಿಸಿ ಹೋದರೂ ಆಕೆ ಸಂಕೋಚದಿಂದ ಸುಮ್ಮನಿದ್ದುಬಿಡಬಹುದು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ದಾದಿಯರ ಕಾಲೇಜಿನಲ್ಲಿ ರೂಪುಗೊಂಡ ‘ಕೇಪಬಲ್’ ಯೋಜನೆ ಇಲ್ಲಿ ನೆನಪಾಗುತ್ತದೆ. ಅದು ಸ್ವಯಂಸೇವಕರದಲ್ಲ, ಒಬ್ಬ ದಾದಿ, ದಿನನಿತ್ಯದ ಕೆಲಸಗಳನ್ನು ಸುಲಭ ಮಾಡಿಕೊಡುವ ಒಬ್ಬ ತಜ್ಞ, ಒಬ್ಬ ರಿಪೇರಿಯವನು ಮನೆಗೆ ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಏನು ಕೆಟ್ಟಿದೆ ಎಂದು ಶುರುಮಾಡುವುದಿಲ್ಲ. ನಿಮಗೆ ಏನು ಮಾಡಲು ಆಸೆ, ಯಾವುದು ಆಗುತ್ತಿಲ್ಲ ಎಂದು ಕೇಳುತ್ತಾರೆ. ಅಡುಗೆ ತಾನೇ ಮಾಡಿಕೊಳ್ಳಬೇಕು ಎಂದು ಆಕೆ ಹೇಳಿದರೆ, ಸುತ್ತಿಗೆ ಮೊದಲು ಅಡುಗೆಮನೆಗೆ ಹೋಗುತ್ತದೆ.