ಮುಪ್ಪು, ಮಿದುಳು ಮತ್ತು ಜೀನ್‌ಗಳ ನಿಯಂತ್ರಣ

ಮನುಷ್ಯನಲ್ಲಿ ಪ್ರೋಟೀನ್ ತಯಾರಿಕೆಗೆ ಆಧಾರವಾದ ಜೀನ್‌ಗಳು ಸುಮಾರು 20,000. ಚರ್ಮದ ಕೋಶದಲ್ಲೂ ಮಿದುಳಿನ ನರಕೋಶದಲ್ಲೂ ಇರುವ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಯಾವ ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಕಟ್ಟುಪಾಡು ಮಾತ್ರ ಬೇರೆ. ಅದೇ ಜೀನ್ ನಿಯಂತ್ರಣ. ನರಕೋಶಗಳಲ್ಲಿ ಬಹುಪಾಲು ಮತ್ತೆ ವಿಭಜನೆಗೊಳ್ಳದೆ ಜೀವನಪೂರ್ತಿ ಉಳಿಯುತ್ತವೆ. ಎಂಬತ್ತು ದಾಟಿದವರ ನರಕೋಶಕ್ಕೂ ಅಷ್ಟೇ ವಯಸ್ಸು. ಅಷ್ಟೂ ವರ್ಷಗಳ ಸವೆತವನ್ನು ಅದೇ ಕೋಶ ತಾಳಿಕೊಳ್ಳಬೇಕು.

ಒಂದು ಕೋಶದ ಡಿಎನ್‌ಎಯ ಒಟ್ಟು ಉದ್ದ ಸುಮಾರು 2 ಮೀಟರ್. ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು ಅದು ಕೋಶಕೇಂದ್ರದಲ್ಲಿ ಅಡಗಿದೆ. ಹಿಸ್ಟೋನ್‌ಗೆ ಅಸಿಟೈಲ್ ಗುಂಪು ಸೇರಿದರೆ ಸುತ್ತು ಸಡಿಲಾಗಿ ಜೀನ್ ಕೆಲಸಕ್ಕೆ ತೊಡಗುತ್ತದೆ. ಅದು ಕಳಚಿದರೆ ಸುತ್ತು ಬಿಗಿಯಾಗುತ್ತದೆ. ನೆನಪಿಗೂ ಇದೇ ನಿಯಂತ್ರಣ ಬೇಕು. ಗಾಯಕಿ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಕಲಿತ ಚೀಜುಗಳಂತೆ, ಕಲಿತದ್ದು ದಶಕಗಟ್ಟಲೆ ಉಳಿಯಬೇಕಾದರೆ ಕಲಿಕೆಯ ಹೊತ್ತಿಗೆ ಹಲವು ಜೀನ್‌ಗಳು ಚುರುಕಾಗಬೇಕು, ಹೊಸ ಪ್ರೋಟೀನ್ ತಯಾರಾಗಬೇಕು, ನರಕೋಶಗಳ ನಡುವಿನ ಸಂಧಿಗಳು ಗಟ್ಟಿಯಾಗಬೇಕು.

ಮುಪ್ಪಿನಲ್ಲಿ ಈ ವ್ಯವಸ್ಥೆ ಕುಂದುತ್ತದೆ. 26ರಿಂದ 106 ವರ್ಷ ವಯಸ್ಸಿನ 30 ಜನರ ಮಿದುಳಿನ ಅಂಗಾಂಶವನ್ನು ಹಾರ್ವರ್ಡ್‌ನ ವಿಜ್ಞಾನಿಗಳು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ನಲವತ್ತರ ನಂತರ ಕಲಿಕೆ ಮತ್ತು ನೆನಪಿಗೆ ಬೇಕಾದ ಕೆಲವು ಜೀನ್‌ಗಳ ಚಟುವಟಿಕೆ ಇಳಿದಿತ್ತು. ಒತ್ತಡ ಎದುರಿಸುವ, ಡಿಎನ್‌ಎ ದುರಸ್ತಿ ಮಾಡುವ ಜೀನ್‌ಗಳದ್ದು ಏರಿತ್ತು. ಇಳಿಕೆ ಕಂಡ ಜೀನ್‌ಗಳ ನಿಯಂತ್ರಣ ಭಾಗದಲ್ಲೇ ಡಿಎನ್‌ಎ ಹಾನಿ ಹೆಚ್ಚಾಗಿತ್ತು. ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿ ವಯಸ್ಸಾದಂತೆ ಉರಿಯೂತದ ಜೀನ್‌ಗಳು ಹೆಚ್ಚು ಸಕ್ರಿಯವಾಗುತ್ತವೆ. 2010ರಲ್ಲಿ ಜರ್ಮನಿಯ ಗಟಿಂಗೆನ್ ತಂಡ 3 ತಿಂಗಳ ಮತ್ತು 16 ತಿಂಗಳ ಇಲಿಗಳನ್ನು ಹೋಲಿಸಿತು. ಕಲಿಕೆಯ ವೇಳೆ ಮುದಿ ಇಲಿಗಳ ಹಿಸ್ಟೋನ್‌ನ ಒಂದು ನಿರ್ದಿಷ್ಟ ಜಾಗದಲ್ಲಿ ಅಸಿಟೈಲ್ ಏರಲಿಲ್ಲ; ಅದನ್ನು ಔಷಧದಿಂದ ಸರಿಪಡಿಸಿದಾಗ ಕಲಿಕೆ ಸುಧಾರಿಸಿತು. ಈ ಕುಂದಿನ ಸ್ವಲ್ಪ ಭಾಗವನ್ನಾದರೂ ಹಿಂದಿರುಗಿಸಬಹುದೆಂಬುದು ಇದರ ಸಾರ.

ಇದೇ ದಿಕ್ಕಿನಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ ಫ್ರಾನ್ಸ್‌ನ ಸಹಯೋಗಿಗಳೊಂದಿಗೆ ಹೆಜ್ಜೆ ಇಟ್ಟಿತು. ಹಿಸ್ಟೋನ್‌ಗೆ ಅಸಿಟೈಲ್ ಸೇರಿಸುವ ಕಿಣ್ವಗಳನ್ನು ಚುರುಕುಗೊಳಿಸುವ ಟಿಟಿಕೆ-21 ಎಂಬ ಅಣುವನ್ನು ಅತಿ ಸೂಕ್ಷ್ಮ ಇಂಗಾಲದ ಗೋಳಕ್ಕೆ ಜೋಡಿಸಿ, ರಕ್ತದಿಂದ ಮಿದುಳಿಗೆ ದಾಟಿಸಲಾಯಿತು. ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತೆಂದು 2013ರ ವರದಿ ಹೇಳಿದರೆ, ಆಲ್ಝೈಮರ್‌ನಂಥ ಕಾಯಿಲೆಯ ಇಲಿಗಳ ನೆನಪು ಚೇತರಿಸಿತೆಂದು 2018ರ ವರದಿ ತಿಳಿಸಿತು. ಇಲಿಯಲ್ಲಿ ಫಲ ಕೊಟ್ಟದ್ದೆಲ್ಲ ಮನುಷ್ಯರಿಗೆ ಔಷಧವಾಗುವುದಿಲ್ಲ. ಆದರೂ ದಾರಿ ತೆರೆದಿದೆ.

ಮನುಷ್ಯರ ಅಧ್ಯಯನಕ್ಕೂ ಕರ್ನಾಟಕವೇ ನೆಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ನೆನಪಿನ ಪರೀಕ್ಷೆ, ರಕ್ತ ತಪಾಸಣೆ, ಮಿದುಳಿನ ಎಂಆರ್‌ಐ, ಜೀನ್ ವಿಶ್ಲೇಷಣೆ ಎಲ್ಲವೂ ಇದರಲ್ಲಿ ಸೇರಿವೆ. ನಿಮ್ಹಾನ್ಸ್‌ನ ಮಿದುಳು ಬ್ಯಾಂಕ್ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತದೆ.

ಹಿರಿಯರ ಮರೆವು ವಿಪರೀತವಾದಾಗ ಅರವತ್ತಕ್ಕೆ ಅರಳುಮರಳು ಎಂದು ಸುಮ್ಮನಾಗುವುದು ತಪ್ಪು. ಬಿಪಿ, ಸಕ್ಕರೆ ಹತೋಟಿಯಲ್ಲಿಡುವುದು, ನಡೆದಾಡುವುದು, ತಂಬಾಕು ಬಿಡುವುದು, ಕಿವಿ ಮಂದವಾದರೆ ಚಿಕಿತ್ಸೆ ಪಡೆಯುವುದು ಮಿದುಳಿಗೆ ಹಿತ. ಕುಂದಗೋಳದ ಸುತ್ತಿನವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ. ಮರೆವು ಹೆಚ್ಚಿದ ಮನೆಯ ಹಿರಿಯರನ್ನು ತಡಮಾಡದೆ ಅಲ್ಲಿ ತೋರಿಸಬೇಕು.